ತೋಟದ ಗೇಟಿಗೆ ಬೀಗ ಬಿದ್ದರೆ: ಕೊಡಗಿನಲ್ಲಿ ದಾರಿ ಹಕ್ಕು ಉಳಿಸಿಕೊಳ್ಳುವ ಬಗೆ

ಕಾಫಿ ಕೊಯ್ಲಿನ ಕಾಲದ ಒಂದು ಬೆಳಿಗ್ಗೆ ಸಿದ್ದಾಪುರದ ಕಡೆಯ ವಯಸ್ಸಾದ ದಂಪತಿ ಅರ್ಜಿ ಬರೆಸಿಕೊಳ್ಳಲು ನಮ್ಮ ಮನೆಗೆ ಬಂದರು. ಅಜ್ಜಿಯ ಕೈಯಲ್ಲಿ ಹಾಲಿನ ಕ್ಯಾನು. ಡೇರಿಗೆ ಹಾಕಬೇಕಿದ್ದ ಹಾಲು ಅದರಲ್ಲಿ ಹಾಗೆಯೇ ಇತ್ತು. ಅವರ ಮನೆ, ಗದ್ದೆ ಎರಡೂ ತಗ್ಗಿನಲ್ಲಿವೆ. ರಸ್ತೆಗೆ ಬರಬೇಕಾದರೆ ಮೇಲಿನ ಕಾಫಿ ತೋಟವನ್ನು ಹಾದು ಬರಬೇಕು. ತೋಟ ಕೈ ಬದಲಾದ ಮೇಲೆ ಹೊಸ ಮಾಲೀಕರು ಗೇಟು ನಿಲ್ಲಿಸಿ ಬೀಗ ಹಾಕಿದ್ದರು. ಇವರು ಗೇಟಿನ ಪಕ್ಕದ ಬೇಲಿಯ ಸಂದಿಯಲ್ಲಿ ಬಗ್ಗಿ ನುಸುಳಿ ಓಡಾಡುತ್ತಿದ್ದರು. ಅಂದು ಬೆಳಿಗ್ಗೆ ನೋಡಿದರೆ ಆ ಸಂದಿಗೂ ಮುಳ್ಳುತಂತಿ ಬಿಗಿದಿತ್ತು.

"ಬೀಗ ಹಾಕಿದ್ದು ಯಾವಾಗ?" ಎಂದು ಕೇಳಿದೆ. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, "ಹೋದ ಹುತ್ತರಿ ಕಳೆದು ಎಂಟು ದಿನಕ್ಕೆ" ಎಂದರು. ನನ್ನ ಎದೆ ಧಸಕ್ಕೆಂದಿತು. ಮುಂದಿನ ಹುತ್ತರಿಗೆ ಹತ್ತೇ ದಿನ ಉಳಿದಿತ್ತು. ವರ್ಷ ತುಂಬುವ ಹೊತ್ತಿಗೆ ಅವರು ನನ್ನಲ್ಲಿಗೆ ಬಂದಿದ್ದರು. ಈ ವರ್ಷದ ಲೆಕ್ಕ ಎಷ್ಟು ಮುಖ್ಯ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕೊಡಗಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದನ್ನು ತಿಳಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಖಾಸಗಿ ಜಾಗದೊಳಗೆ ಇನ್ನೊಬ್ಬರು ಕಾಲಿಡುವ ಹಕ್ಕನ್ನು ನಮ್ಮಲ್ಲಿ ಮುಖ್ಯವಾಗಿ ಎರಡು ಕಾನೂನುಗಳು ನಿಯಂತ್ರಿಸುತ್ತವೆ. ಒಂದು ರಾಜ್ಯದ್ದು: 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ ಮತ್ತು ಅದರಡಿ ಬಂದ 1966ರ ನಿಯಮಗಳು. ಇನ್ನೊಂದು 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ಅನುಭೋಗ ಹಕ್ಕಿನ ಕಾಯ್ದೆ ಎನ್ನುತ್ತಾರೆ. ಈ ಎರಡನೆಯದರ ಮೊದಲ ಸೆಕ್ಷನ್ನಿನಲ್ಲೇ ಕೊಡಗಿನ ಹೆಸರಿದೆ. ಕಾಯ್ದೆ ಬಂದಾಗ ಅದು ಅನ್ವಯಿಸಿದ್ದು ಮದ್ರಾಸ್, ಮಧ್ಯ ಪ್ರಾಂತ್ಯ ಮತ್ತು ಕೊಡಗು ಈ ಮೂರು ಪ್ರದೇಶಗಳಿಗೆ ಮಾತ್ರ. ಅಂದರೆ ತೋಟದ ನಡುವಿನ ಕಾಲುದಾರಿಯ ಜಗಳಕ್ಕೆ ನಮ್ಮ ಜಿಲ್ಲೆಯಲ್ಲಿ ಬರಹದ ಕಾನೂನು ಬಂದು 140 ವರ್ಷ ದಾಟಿದೆ. ಆದರೂ ಜನ ಇದನ್ನು ಇಂದಿಗೂ ಮಾಲೀಕರ ದಯೆಯ ವಿಷಯವೆಂದೇ ತಿಳಿದಿದ್ದಾರೆ.

ಮೊದಲ ಹೆಜ್ಜೆ: ಬೀಗ ಮುಟ್ಟಬೇಡಿ, ದಿನಾಂಕ ಬರೆದಿಡಿ

ದಾರಿ ಮುಚ್ಚಿದ್ದನ್ನು ಕಂಡಾಗ ರಕ್ತ ಕುದಿಯುವುದು ಸಹಜ. ನಾಲ್ಕು ಜನ ಸೇರಿ ಗೇಟು ಕಿತ್ತು ಬಿಸಾಡಿದ ಪ್ರಸಂಗಗಳನ್ನು ನಾನೂ ಕಂಡಿದ್ದೇನೆ. ಹಾಗೆ ಮಾಡಬೇಡಿ. ದಾರಿ ಹಕ್ಕು ನಿಮ್ಮದೇ ಆಗಿದ್ದರೂ ತಡೆಯನ್ನು ನೀವಾಗಿಯೇ ತೆಗೆಯುವಂತಿಲ್ಲ ಎಂದು ಈಸ್‌ಮೆಂಟ್ ಕಾಯ್ದೆಯ ಸೆಕ್ಷನ್ 36 ನೇರವಾಗಿ ಹೇಳುತ್ತದೆ. ಗೇಟು ಕಿತ್ತ ಕ್ಷಣದಿಂದ ಅತಿಕ್ರಮ ಪ್ರವೇಶ, ನಷ್ಟ ಮಾಡಿದ ಆರೋಪ ನಿಮ್ಮ ತಲೆಗೆ ಬರುತ್ತದೆ. ದಾರಿಯ ಮಾತು ಹಿಂದಕ್ಕೆ ಸರಿಯುತ್ತದೆ.

ಪೊಲೀಸ್ ಠಾಣೆಗೆ ಹೋದರೆ "ಇದು ಸಿವಿಲ್ ವಿಷಯ" ಎಂಬ ಉತ್ತರ ಸಿಗುವುದು ಹೆಚ್ಚು. ಅದಕ್ಕೆ ಕಾನೂನಿನಲ್ಲೇ ಕಾರಣವಿದೆ. ಅಕ್ರಮವಾಗಿ ತಡೆಯುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 126ರಂತೆ ಅಪರಾಧ. ಆದರೆ ಖಾಸಗಿ ದಾರಿಯನ್ನು ತಡೆಯಲು ತನಗೆ ಹಕ್ಕಿದೆ ಎಂದು ಪ್ರಾಮಾಣಿಕವಾಗಿ ನಂಬಿ ತಡೆದವನಿಗೆ ಅದೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಜಗಳ ಕೈಕೈ ಮಿಲಾಯಿಸುವ ಮಟ್ಟಕ್ಕೆ ಬಂದಿದ್ದರೆ ಠಾಣೆಗೆ ಹೋಗಿ, ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ದಾರಿ ತೆರೆಸಿಕೊಡುತ್ತಾರೆಂಬ ನಿರೀಕ್ಷೆಯಲ್ಲಿ ಮಾತ್ರ ಹೋಗಬೇಡಿ.

ಆ ದಿನವೇ ಮಾಡಬೇಕಾದದ್ದು ಬೇರೆ ಇದೆ. ಗೇಟು, ಬೀಗ, ಬೇಲಿ, ಗೇಟಿನ ಎರಡೂ ಬದಿಗೆ ಸವೆದು ಕಾಣುವ ಕಾಲುದಾರಿ, ಎಲ್ಲದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಿರಿ. ಸವೆದ ದಾರಿಯ ಚಿತ್ರ ಬಹಳ ಬೆಲೆಯುಳ್ಳದ್ದು, ಏಕೆಂದರೆ ಒಂದು ಮುಂಗಾರು ಕಳೆದರೆ ಹುಲ್ಲು ಬೆಳೆದು ದಾರಿಯ ಗುರುತೇ ಉಳಿಯುವುದಿಲ್ಲ. ಆಮೇಲೆ ಮಾಲೀಕರಿಗೆ ಒಂದು ಪತ್ರ ಬರೆದು, ತಲುಪಿದ್ದಕ್ಕೆ ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ. ಒಂದು ಪ್ರತಿ ನಿಮ್ಮಲ್ಲಿರಲಿ. ಪತ್ರದ ಒಕ್ಕಣೆ ಹೀಗಿದ್ದರೆ ಸಾಕು:

"ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ತಮ್ಮ ತೋಟದ ಮೂಲಕ ಇರುವ ದಾರಿಗೆ ಇಂಥ ದಿನ ಬೀಗ ಹಾಕಿರುವುದು ಕಂಡುಬಂದಿದೆ. ಈ ದಾರಿಯಲ್ಲಿ ನಮ್ಮ ಕುಟುಂಬದವರು ಇಷ್ಟು ವರ್ಷಗಳಿಂದ ಬಹಿರಂಗವಾಗಿ, ಹಕ್ಕಿನಿಂದ ನಡೆದಾಡುತ್ತಿದ್ದೇವೆ. ಈ ತಡೆಗೆ ನಮ್ಮ ಒಪ್ಪಿಗೆ ಇಲ್ಲ. ಏಳು ದಿನಗಳೊಳಗೆ ತಡೆ ತೆಗೆಯಬೇಕಾಗಿ ಕೋರುತ್ತೇವೆ."

ಈ ಪತ್ರದಲ್ಲಿ ಒಂದು ಪದ ಬರಲೇಬಾರದು, ಅದು "ಅನುಮತಿ". ನಾವು ಮರ್ಯಾದೆಗೆ "ದಯವಿಟ್ಟು ಈ ದಾರಿಯಲ್ಲಿ ಓಡಾಡಲು ಅನುಮತಿ ಕೊಡಬೇಕು" ಎಂದು ಬರೆದುಬಿಡುತ್ತೇವೆ. ಆ ಒಂದು ಸಾಲು ಮುಂದೆ ನ್ಯಾಯಾಲಯದಲ್ಲಿ ನಿಮ್ಮ ವಿರುದ್ಧ ಓದಲ್ಪಡುತ್ತದೆ. ಬೇಡಿ ಪಡೆದದ್ದು ಹಕ್ಕಾಗುವುದಿಲ್ಲ. ಬೇಡಿ ಪಡೆದದ್ದನ್ನು ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಪತ್ರದಲ್ಲಿ ವಿನಯವಿರಲಿ, ಬೇಡಿಕೆಯ ದನಿ ಬೇಡ.

ಇನ್ನು ಕಾಲದ ಲೆಕ್ಕ. ವರ್ಷಗಳ ಬಳಕೆಯಿಂದ ಬಂದ ದಾರಿಯಾದರೆ ಇದು ಜೀವಾಳ. ಕೊನೆಯ ಬಾರಿ ನಡೆದಾಡಿ ಮೂರು ತಿಂಗಳು ಕಳೆಯುವುದರೊಳಗೆ ದೂರು ಕೊಟ್ಟರೆ ಕಾರ್ಯನಿರ್ವಾಹಕ ದಂಡಾಧಿಕಾರಿ ಮಧ್ಯೆ ಬರಬಹುದು. ತಡೆ ಹಾಕಿದ್ದು ಗೊತ್ತಾದ ಮೇಲೆ ಒಂದು ವರ್ಷ ಸುಮ್ಮನಿದ್ದರೆ ನಿಮ್ಮ ಬಳಕೆಯ ಸರಪಳಿ ಕಡಿದಂತೆ ಲೆಕ್ಕ. 20 ವರ್ಷಗಳ ಬಳಕೆ ಮುಗಿದು ಎರಡು ವರ್ಷದೊಳಗೆ ದಾವೆ ಹೂಡದಿದ್ದರೆ ಆ 20 ವರ್ಷವೂ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಅಜ್ಜ ಅಜ್ಜಿಗೆ ನೆರವಾದದ್ದು ಆ ಬೇಲಿಯ ಸಂದಿ. ಬೀಗ ಬಿದ್ದರೂ ಅವರು ಒಪ್ಪಿ ಕೂತಿರಲಿಲ್ಲ, ದಿನವೂ ನುಸುಳಿ ನಡೆದಿದ್ದರು. ತಂತಿಯ ಮೇಲೆ ಸಿಕ್ಕಿಕೊಂಡಿದ್ದ ಅಜ್ಜಿಯ ಸೀರೆಯ ನೂಲಿನ ಎಳೆಯ ಚಿತ್ರವನ್ನೂ ತೆಗೆದುಕೊಂಡೆವು.

ಎರಡನೆಯ ಹೆಜ್ಜೆ: ಅದು ಯಾವ ಬಗೆಯ ದಾರಿ ಎಂದು ಕಂಡುಕೊಳ್ಳಿ

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ. ಇಲ್ಲಿ ತಪ್ಪಿದರೆ ತಾಲ್ಲೂಕು ಕಚೇರಿಗೆ ಹೋಗಬೇಕಾದದ್ದು ಕೋರ್ಟಿಗೆ, ಕೋರ್ಟಿಗೆ ಹೋಗಬೇಕಾದದ್ದು ತಾಲ್ಲೂಕು ಕಚೇರಿಗೆ ಹೋಗಿ ವರ್ಷಗಳು ಕಳೆಯುತ್ತವೆ. ತೋಟದೊಳಗಿನ ಎಲ್ಲ ದಾರಿಗಳೂ ನೋಡಲು ಒಂದೇ, ಕಾನೂನಿನ ಕಣ್ಣಿಗೆ ಬೇರೆ ಬೇರೆ.

ಮೊದಲನೆಯದು ಸಾರ್ವಜನಿಕ ದಾರಿ. ಗ್ರಾಮ ನಕ್ಷೆಯಲ್ಲಿ ಗುರುತಾದ ಕಾಲುದಾರಿ, ಬಂಡಿದಾರಿ ಇದಕ್ಕೆ ಸೇರುತ್ತವೆ. ಯಾರ ಸ್ವತ್ತೂ ಅಲ್ಲದ ರಸ್ತೆ, ದಾರಿ, ಹಳ್ಳ, ಹೊಳೆಗಳೆಲ್ಲ ಸರ್ಕಾರದ್ದು ಎಂದು ಭೂ ಕಂದಾಯ ಕಾಯ್ದೆಯ ಸೆಕ್ಷನ್ 67 ಹೇಳುತ್ತದೆ. ಸುತ್ತ ಎರಡೂ ಬದಿ ಒಬ್ಬರದೇ ತೋಟವಿದ್ದರೂ ನಡುವಿನ ದಾರಿ ಅವರದಾಗುವುದಿಲ್ಲ. ಅಂಥ ದಾರಿ ಬೇಡವೆನಿಸಿದರೆ ಮುಚ್ಚುವುದಕ್ಕೂ ಕಾಯ್ದೆಯಲ್ಲಿ ವಿಧಾನವಿದೆ. ಪ್ರಕಟಣೆ ಹೊರಡಿಸಬೇಕು, ಆಕ್ಷೇಪಣೆ ಕೇಳಬೇಕು. ಮಾಲೀಕರು ತಾವೇ ಬೀಗ ಹಾಕಿದರೆ ಅದು ಒತ್ತುವರಿ.

ಎರಡನೆಯದು ಪತ್ರದಲ್ಲಿ ಬರೆದ ದಾರಿ. ಹಳೆಯ ಕ್ರಯಪತ್ರ, ವಿಭಾಗಪತ್ರಗಳಲ್ಲಿ "ಮಾಮೂಲು ದಾರಿ ಸಹಿತ" ಎಂದೋ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) "ಪೂರ್ವಕ್ಕೆ ತಿರುಗಾಡುವ ದಾರಿ" ಎಂದೋ ಇರುತ್ತದೆ. ಇದಕ್ಕಿಂತ ಗಟ್ಟಿ ಆಧಾರ ಬೇರೊಂದಿಲ್ಲ.

ಮೂರನೆಯದು ಪಾಲಿನಿಂದ ಹುಟ್ಟಿದ ದಾರಿ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. "ನನ್ನ ಜಮೀನಿಗೆ ಬೇರೆ ದಾರಿಯೇ ಇಲ್ಲ, ಆದ್ದರಿಂದ ಪಕ್ಕದವರು ಬಿಡಲೇಬೇಕು" ಎಂದು ಬಹಳ ಜನ ನಂಬಿದ್ದಾರೆ. ಅಷ್ಟು ಮಾತ್ರ ಸಾಲದು. ಎರಡೂ ಜಮೀನು ಹಿಂದೊಮ್ಮೆ ಒಬ್ಬರದೇ ಆಗಿದ್ದು, ಮಾರಾಟದಿಂದಲೋ ಪಾಲಿನಿಂದಲೋ ಬೇರೆಯಾಗಿ, ಆ ಕಾರಣಕ್ಕೆ ಒಂದು ಭಾಗಕ್ಕೆ ದಾರಿ ಇಲ್ಲದಂತಾಗಿದ್ದರೆ ಮಾತ್ರ ಈಸ್‌ಮೆಂಟ್ ಕಾಯ್ದೆಯ ಸೆಕ್ಷನ್ 13ರ ಅಗತ್ಯದ ಹಕ್ಕು ಸಿಗುತ್ತದೆ. ಅಗತ್ಯವೆಂದರೆ ಬೇರೆ ದಾರಿಯೇ ಇಲ್ಲದ ಸ್ಥಿತಿ. ಹತ್ತಿರದ ದಾರಿ, ಸಲೀಸಾದ ದಾರಿ ಎಂಬುದು ಅಗತ್ಯವಾಗುವುದಿಲ್ಲ. ಮುಂದೆ ಇನ್ನೊಂದು ದಾರಿ ಆದರೆ ಈ ಹಕ್ಕು ಅಲ್ಲಿಗೆ ಮುಗಿಯುತ್ತದೆ. ದೊಡ್ಡ ಕುಟುಂಬಗಳ ಆಸ್ತಿ ಪಾಲಾಗಿ ಚೂರುಚೂರಾದ ನಮ್ಮ ಜಿಲ್ಲೆಯಲ್ಲಿ ಈ ಬಗೆಯ ದಾರಿಗಳೇ ಹೆಚ್ಚೇನೋ ಎಂದು ನನಗೆ ಅನಿಸಿದೆ. ಅಣ್ಣತಮ್ಮಂದಿರು ಪಾಲಾಗುವಾಗ "ದಾರಿ ಬರೆಯುವುದೇಕೆ, ನಾವೇನು ಹೊರಗಿನವರಾ" ಎನ್ನುತ್ತಾರೆ. ಮೂವತ್ತು ವರ್ಷದ ಮೇಲೆ ಒಂದು ಪಾಲು ಹೊರಗಿನವರ ಕೈ ಸೇರಿದಾಗ ಆ ಮಾತಿಗೆ ಸಾಕ್ಷಿ ಹೇಳುವವರು ಯಾರೂ ಇರುವುದಿಲ್ಲ.

ನಾಲ್ಕನೆಯದು ಬಳಕೆಯಿಂದ ಬಂದ ದಾರಿ. ಸೆಕ್ಷನ್ 15ರಂತೆ 20 ವರ್ಷ ತಡೆಯಿಲ್ಲದೆ, ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂಬಂತೆ ಬಳಸಿರಬೇಕು. ದಾರಿ ಹಾದಿರುವುದು ಸರ್ಕಾರಿ ಜಾಗವಾದರೆ 30 ವರ್ಷ. ಕದ್ದು ಹೋದದ್ದು, ಜಗಳವಾಡಿ ಹೋದದ್ದು, ಕೇಳಿಕೊಂಡು ಹೋದದ್ದು ಲೆಕ್ಕಕ್ಕಿಲ್ಲ.

ಐದನೆಯದು ಬರೀ ಒಪ್ಪಿಗೆಯ ದಾರಿ. ಮಾಲೀಕರು ಸ್ನೇಹಕ್ಕೆ ಬಿಟ್ಟದ್ದು. ಇದನ್ನು ಅವರು ನಿಲ್ಲಿಸಬಹುದು. ಇಂಥ ದಾರಿಗೆ ಹಕ್ಕಿನ ಮಾತಾಡಿ ಸಂಬಂಧ ಕೆಡಿಸಿಕೊಳ್ಳುವುದಕ್ಕಿಂತ ಕೂತು ಮಾತಾಡಿ ಬರವಣಿಗೆಯ ಹಕ್ಕು ಮಾಡಿಸಿಕೊಳ್ಳುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಕಾಗದ ಹುಡುಕಿ

ಮೊದಲು ಗ್ರಾಮ ನಕ್ಷೆ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ನಕ್ಷೆ ಸಿಗುತ್ತದೆ. ಒಂಟಿ ಚುಕ್ಕೆಗೆರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಬಂಡಿದಾರಿ. ನಕ್ಷೆಯ ಅಂಚಿನಲ್ಲಿರುವ ಚಿಹ್ನೆಗಳ ವಿವರಣೆಯನ್ನು ಒಮ್ಮೆ ನೋಡಿಕೊಳ್ಳಿ. ಮೊಬೈಲಿನಲ್ಲಿ ಕಣ್ಣಿಗೆ ಕಾಣದ ಗೆರೆ ದೊಡ್ಡದಾಗಿ ಮುದ್ರಿಸಿದಾಗ ಕಾಣುತ್ತದೆ. ಆದ್ದರಿಂದ ಒಂದು ದೊಡ್ಡ ಪ್ರತಿ ಮುದ್ರಿಸಿಕೊಳ್ಳಿ.

ಆಮೇಲೆ ಎರಡೂ ಜಮೀನಿನ ಪಹಣಿ. ಮೂರನೆಯ ಕಾಲಂನಲ್ಲಿ ವಿಸ್ತೀರ್ಣದ ಜೊತೆ ಖರಾಬು ಎಷ್ಟೆಂದು ಇರುತ್ತದೆ. ಖರಾಬಿನಲ್ಲಿ ಎರಡು ಬಗೆ. ಎ ಖರಾಬು ಮಾಲೀಕರದೇ ಆದ, ಸಾಗುವಳಿಗೆ ಬಾರದ ಜಾಗ. ಬಿ ಖರಾಬು ರಸ್ತೆ, ಕಾಲುದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದು. 1966ರ ನಿಯಮಗಳಲ್ಲಿ 21(2) ಈ ವಿಂಗಡಣೆ ಮಾಡಿದೆ. ಪಕ್ಕದ ತೋಟದ ಪಹಣಿಯಲ್ಲಿ ಐದು ಸೆಂಟು ಬಿ ಖರಾಬು ಇದ್ದರೆ, ಅದು ಯಾವುದಕ್ಕೆ ಬಿಟ್ಟದ್ದು ಎಂಬುದನ್ನು ಸರ್ವೆ ಕಚೇರಿಯ ಟಿಪ್ಪಣಿ ಪುಸ್ತಕ (ಅಳತೆಯ ದಾಖಲೆ) ಮತ್ತು ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಪ್ರತಿ ಪಡೆದು ನೋಡಿ. ಅದು ನಿಮ್ಮ ದಾರಿಯೇ ಆಗಿದ್ದರೆ ಅರ್ಧ ಕೆಲಸ ಮುಗಿಯಿತು. ಪಹಣಿಯ ಹನ್ನೊಂದನೆಯ ಕಾಲಂನಲ್ಲಿ ಹಕ್ಕು, ಋಣಗಳ ನಮೂದಿರುತ್ತದೆ. ಸಾಮಾನ್ಯವಾಗಿ ಬ್ಯಾಂಕ್ ಸಾಲ ಮಾತ್ರ ಕಾಣುತ್ತದೆ, ಆದರೂ ಓದಿ.

ಪತ್ರಗಳ ವಿಷಯದಲ್ಲಿ ಜನ ತಮ್ಮ ಮನೆಯ ಪೆಟ್ಟಿಗೆ ಮಾತ್ರ ತಡಕಾಡುತ್ತಾರೆ. ಎದುರಿನವರ ಪತ್ರವನ್ನೂ ಹುಡುಕಿ. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲನ್ನು ಉಪನೋಂದಣಿ ಕಚೇರಿಯಲ್ಲಿ ಪಡೆಯಬಹುದು. ಋಣಭಾರ ಪತ್ರ ತೆಗೆಸಿದರೆ ಯಾವ ವರ್ಷ ಯಾವ ಪತ್ರವಾಗಿದೆ ಎಂಬುದು ಗೊತ್ತಾಗುತ್ತದೆ. ಆ ಅಜ್ಜ ಅಜ್ಜಿಯ ವಿಷಯದಲ್ಲಿ ಹಾಗೆಯೇ ಆಯಿತು. ಅವರ ಪೆಟ್ಟಿಗೆಯಲ್ಲಿ ಗೆದ್ದಲು ತಿಂದ ಕಂದಾಯ ರಸೀದಿ ಬಿಟ್ಟರೆ ಏನೂ ಇರಲಿಲ್ಲ. ತೋಟದ ಹಳೆಯ ಕ್ರಯಪತ್ರದ ಚಕ್ಕುಬಂದಿಯಲ್ಲಿ ಮಾತ್ರ, ನೀಲಿ ಶಾಯಿಯ ಓರೆ ಅಕ್ಷರದಲ್ಲಿ, "ಉತ್ತರಕ್ಕೆ ಗದ್ದೆಗೆ ಇಳಿಯುವ ಮಾಮೂಲು ದಾರಿ" ಎಂದಿತ್ತು. ಅವರ ದಾರಿಯನ್ನು ಕಾಪಾಡಿಟ್ಟದ್ದು ಎದುರಿನವರ ಕಾಗದ.

ಕೊಡಗಿನ ಜಮೀನಿಗೆ ತನ್ನದೇ ತೊಡಕುಗಳಿವೆ. ಜಮ್ಮಾ ಬಾಣೆಯ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಪಹಣಿಯಲ್ಲಿ ಪಟ್ಟೇದಾರರ (ಕುಟುಂಬದ ಯಜಮಾನರ) ಹೆಸರಿನ ಜೊತೆ ಕುಟುಂಬದ ಹಲವರ ಹೆಸರು ಇರುತ್ತದೆ, ಆದ್ದರಿಂದ ಪತ್ರವನ್ನೂ ದಾವೆಯನ್ನೂ ಯಾರ ಮೇಲೆ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಒಬ್ಬರನ್ನು ಬಿಟ್ಟರೂ ಆದೇಶ ಸಡಿಲವಾಗುತ್ತದೆ. ಪೈಸಾರಿಯಲ್ಲಿ, ಊರುಡುವೆಯಲ್ಲಿ (ಊರಿನ ಸಾಮೂಹಿಕ ಜಾಗದಲ್ಲಿ) ಬೇಲಿ ಹಾಕಿಕೊಂಡವರು ಅದರೊಳಗಿನ ದಾರಿಯನ್ನೂ ತಮ್ಮದೆನ್ನುತ್ತಾರೆ. ಆದರೆ ಪೈಸಾರಿ ಸರ್ಕಾರದ್ದು. ಒತ್ತುವರಿ ಮಾಡಿ ಕಾಫಿ ಬೆಳೆದ ಸರ್ಕಾರಿ ಜಾಗವನ್ನು 30 ವರ್ಷಗಳ ಗುತ್ತಿಗೆಗೆ ಕೊಡಲು ರಾಜ್ಯ ಸರ್ಕಾರ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ತಂದಿದೆ. ನಿಮ್ಮ ದಾರಿ ಅಂಥ ಜಾಗದಲ್ಲಿ ಹಾದಿದ್ದರೆ, ದಾರಿಯನ್ನು ಬಿಟ್ಟು ಉಳಿದದ್ದನ್ನು ಗುತ್ತಿಗೆಗೆ ಕೊಡಿ ಎಂದು ತಹಶೀಲ್ದಾರರಿಗೆ ಈಗಲೇ ಲಿಖಿತ ಆಕ್ಷೇಪಣೆ ಸಲ್ಲಿಸಿ. ಇನ್ನು ಹಳೆಯ ಕಡಂಗಗಳು. ಯುದ್ಧದ ಕಾಲದ ಈ ಕಂದಕಗಳು ಹಲವು ಕಡೆ ಗಡಿಯೂ ಹೌದು, ನಡೆಯುವ ದಾರಿಯೂ ಹೌದು. ಜೆಸಿಬಿ ತಂದು ಒಂದು ದಿನದಲ್ಲಿ ಮುಚ್ಚಿಬಿಡುತ್ತಾರೆ. ಕಡಂಗದ ದಾರಿ ಇದ್ದವರು ಜಗಳವಿಲ್ಲದ ಕಾಲದಲ್ಲೇ ಚಿತ್ರ ತೆಗೆದು ಇಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಕೂತು ಮಾತಾಡಿ

ಕಾಗದ ಕೈಗೆ ಬಂದ ಮೇಲೆ ಮಾತಾಡಿ, ಅದಕ್ಕೆ ಮೊದಲು ಬೇಡ. ಬರಿಗೈಯಲ್ಲಿ ಹೋದರೆ ಮತ್ತೆ "ದಯವಿಟ್ಟು" ಎನ್ನಬೇಕಾಗುತ್ತದೆ.

ತೋಟದವರ ಭಯವನ್ನೂ ಅರ್ಥ ಮಾಡಿಕೊಳ್ಳಬೇಕು. ಕರಿಮೆಣಸು ಬಳ್ಳಿಯಿಂದಲೇ ಕದ್ದು ಹೋಗುತ್ತದೆ. ಕಣದಲ್ಲಿ ಒಣಗಲು ಹಾಕಿದ ಕಾಫಿಯ ಮೂಟೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಇಲ್ಲ. ಆನೆ ತಡೆಯಲು ಸೋಲಾರ್ ಬೇಲಿ ಹಾಕಿದರೆ ದಾರಿಹೋಕರು ತಂತಿ ಸರಿಸಿ ಹಾಗೆಯೇ ಬಿಟ್ಟು ಹೋಗುತ್ತಾರೆ. ಇವು ನಿಜವಾದ ಕಷ್ಟಗಳು. ಕಾನೂನು ಮಾಲೀಕರ ಕೈಯನ್ನು ಪೂರ್ತಿ ಕಟ್ಟಿಲ್ಲ. ದಾರಿ ಬಳಸುವವರು ಆದಷ್ಟು ಕಡಿಮೆ ತೊಂದರೆಯಾಗುವಂತೆ ಬಳಸಬೇಕು ಎಂದು ಈಸ್‌ಮೆಂಟ್ ಕಾಯ್ದೆಯ ಸೆಕ್ಷನ್ 22 ಹೇಳುತ್ತದೆ. ತೋಟದ ತುಂಬ ಅಡ್ಡಾದಿಡ್ಡಿ ನಡೆಯದೆ ಒಂದು ಗೊತ್ತಾದ ಗೆರೆಯಲ್ಲಿ ನಡೆಯಿರಿ ಎನ್ನುವ ಅಧಿಕಾರ ಮಾಲೀಕರಿಗಿದೆ. ಗೇಟು ಇದ್ದ ಮಾತ್ರಕ್ಕೆ ತಡೆಯಾಗುವುದಿಲ್ಲ. ತೆರೆಯಲು ಬಾರದ ಬೀಗವೇ ತಡೆ.

ಆದ್ದರಿಂದ ಮಾತಿಗೆ ಕೂತಾಗ ಒಂದು ಪರಿಹಾರವನ್ನು ಕೈಯಲ್ಲಿಟ್ಟುಕೊಂಡು ಕೂರಿ. ದನ ನುಗ್ಗದಂತೆ ಸರಿಸಬಹುದಾದ ಅಡ್ಡಗಳುಗಳ ಉಣುಗೋಲು ಸಾಕೇ, ಅಥವಾ ಮನುಷ್ಯರು ಮಾತ್ರ ಹಾಯುವ ಕಿರುಬಾಗಿಲು ಬೇಕೇ? ಸೋಲಾರ್ ಬೇಲಿಗೆ ಪ್ಲಾಸ್ಟಿಕ್ ಹಿಡಿಯ ಕೊಕ್ಕೆಬಾಗಿಲು ಇಡಬಹುದೇ? ದಾರಿಯನ್ನು ತೋಟದ ನಡುವಿನಿಂದ ಅಂಚಿಗೆ ಸರಿಸಿದರೆ ಇಬ್ಬರಿಗೂ ಆಗುತ್ತದೆಯೇ? ಎರಡೂ ಕಡೆಯವರು ಗೌರವ ಕೊಡುವ ಒಬ್ಬ ಹಿರಿಯರು ಮಧ್ಯೆ ಇದ್ದರೆ ಮಾತು ಹದ ತಪ್ಪುವುದಿಲ್ಲ. ನಮ್ಮ ಅಜ್ಜ ಅಜ್ಜಿಯ ವಿಷಯ ಇಲ್ಲಿಗೇ ಮುಗಿಯಿತು. ಕ್ರಯಪತ್ರದ ನಕಲನ್ನು ಮೇಜಿನ ಮೇಲಿಟ್ಟಾಗ ಮಾಲೀಕರು ಎರಡು ಬಾರಿ ಓದಿ, "ಇದು ನನಗೆ ಯಾರೂ ತೋರಿಸಿರಲಿಲ್ಲ" ಎಂದರು. ದಾರಿ ಬೇಲಿಯ ಪಕ್ಕಕ್ಕೆ ಸರಿಯಿತು, ನಾಲ್ಕು ಅಡಿ ಅಗಲ ಎಂದು ಗೊತ್ತಾಯಿತು, ಕಿರುಬಾಗಿಲು ಬಂತು.

ಮಾತು ಕುದುರಿದ ಮೇಲೆ ಅದನ್ನು ಬಾಯಿಮಾತಿಗೆ ಬಿಡಬೇಡಿ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಹಕ್ಕನ್ನು ಬರವಣಿಗೆಯಲ್ಲಿ ಕೊಡುವುದಾದರೆ ಅದು ನೋಂದಣಿಯಾಗಬೇಕು. ದಾರಿ ಹಕ್ಕೂ ಇದಕ್ಕೆ ಸೇರಿದೆ. ಛಾಪಾ ಕಾಗದದ ಮೇಲೆ ಸಹಿ ಹಾಕಿಸಿ ಮನೆಯಲ್ಲಿಟ್ಟುಕೊಂಡರೆ ಸಾಲದು. ಪತ್ರದಲ್ಲಿ ಎರಡೂ ಸರ್ವೆ ನಂಬರು, ದಾರಿಯ ಉದ್ದ, ಅಗಲ, ಎಲ್ಲಿಂದ ಎಲ್ಲಿಗೆ ಎಂಬ ವಿವರ, ಒಂದು ಕೈನಕ್ಷೆ ಇರಲಿ. ಕಾಲುನಡಿಗೆಗೆ ಮಾತ್ರವೋ ಜೀಪಿಗೂ ಪಿಕಪ್‌ಗೂ ಸೇರಿಯೋ ಎಂಬುದನ್ನು ಬಿಡಿಸಿ ಬರೆಯಿರಿ. ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆ ಸೇರಿರುವುದಿಲ್ಲ ಎಂದು ಸೆಕ್ಷನ್ 28 ಹೇಳುತ್ತದೆ. ತಲೆಹೊರೆಯಲ್ಲಿ ಭತ್ತ ಸಾಗಿಸಿದ ದಾರಿಯಲ್ಲಿ ನಾಳೆ ಹೋಮ್‌ಸ್ಟೇ ಅತಿಥಿಗಳ ಕಾರು ಓಡಿಸುತ್ತೇನೆ ಎಂದರೆ ಆಗದು.

ಐದನೆಯ ಹೆಜ್ಜೆ: ತಾಲ್ಲೂಕು ಕಚೇರಿ

ನಕ್ಷೆಯಲ್ಲಿರುವ ದಾರಿ, ಬಿ ಖರಾಬು, ಪೈಸಾರಿ ಇವುಗಳಿಗೆ ಇದೇ ಸರಿಯಾದ ಬಾಗಿಲು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಪೊನ್ನಂಪೇಟೆ, ಕುಶಾಲನಗರ ಈ ಐದರಲ್ಲಿ ನಿಮ್ಮ ಗ್ರಾಮ ಸೇರುವ ತಾಲ್ಲೂಕಿನ ತಹಶೀಲ್ದಾರರಿಗೆ ಅರ್ಜಿ ಕೊಡಿ. ರೈತರ ಜಮೀನಿಗೆ ಹೋಗುವ ದಾರಿಗಳ ತಡೆ ತೆರವುಗೊಳಿಸುವ ಬಗ್ಗೆ ಕಂದಾಯ ಇಲಾಖೆ 2023ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಅರ್ಜಿಯಲ್ಲಿ ಅದನ್ನು ನೆನಪಿಸಿ. ಗ್ರಾಮ ನಕ್ಷೆ, ಎರಡೂ ಪಹಣಿ, ಚಿತ್ರಗಳು, ನೀವು ಕಳುಹಿಸಿದ ಪತ್ರ ಮತ್ತು ಅಂಚೆಯ ಸ್ವೀಕೃತಿಯನ್ನು ಲಗತ್ತಿಸಿ. ಟಪಾಲು ವಿಭಾಗದಲ್ಲಿ ಮೊಹರು ಹಾಕಿಸಿಕೊಂಡ ಪ್ರತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ.

ದಾರಿ ಎಲ್ಲಿದೆ ಎಂಬುದೇ ವಿವಾದವಾದರೆ ಹದ್ದುಬಸ್ತು ಅಳತೆಗೆ, ಅಂದರೆ ಗಡಿ ಗುರುತಿಸುವ ಅಳತೆಗೆ, ಅರ್ಜಿ ಹಾಕಿ. ಭೂಮಾಪಕರು ಬರುವ ದಿನ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ. ಗಡಿಕಲ್ಲುಗಳು ಕಾಫಿ ಗಿಡದ ಬುಡದಲ್ಲಿ ಮಣ್ಣು ಮುಚ್ಚಿ ಕೂತಿರುತ್ತವೆ. ಅದು ಎಲ್ಲಿದೆ ಎಂದು ಗೊತ್ತಿರುವುದು ಆ ತೋಟದಲ್ಲಿ ಕಸಿ ಮಾಡಿದ ಹಳೆಯ ಕೆಲಸಗಾರರಿಗೇ. ಒಮ್ಮೆ ಅಳತೆಯ ಪಟ್ಟಿ ಎಳೆದು ಅರ್ಧ ದಿನ ಕಳೆದರೂ ಸಿಗದ ಕಲ್ಲನ್ನು ಒಬ್ಬರು ಹಿರಿಯ ಹೆಂಗಸು ಕತ್ತಿಯ ಹಿಡಿಯಿಂದ ನೆಲ ಕುಟ್ಟುತ್ತಾ ಹೋಗಿ, ಠಣ್ ಎಂದ ಕಡೆ ನಿಂತು ತೋರಿಸಿದ್ದನ್ನು ನಾನು ಕಂಡಿದ್ದೇನೆ. ಸ್ಥಳದಲ್ಲಿ ಬರೆಯುವ ಮಹಜರನ್ನು ಓದದೆ ಸಹಿ ಹಾಕಬೇಡಿ.

ಸಾರ್ವಜನಿಕ ಜಾಗದ ಒತ್ತುವರಿ ಎಂದು ಖಚಿತವಾದರೆ ತೆರವುಗೊಳಿಸಲು ಭೂ ಕಂದಾಯ ಕಾಯ್ದೆಯಲ್ಲಿ ಅಧಿಕಾರವಿದೆ. ಗ್ರಾಮ ಪಂಚಾಯಿತಿಯ ರಸ್ತೆಯಾದರೆ ಪಂಚಾಯಿತಿಗೂ ಅರ್ಜಿ ಕೊಡಿ. ಶಾಂತಿಭಂಗದ ಸಂಭವವಿದ್ದಾಗ ಇನ್ನೊಂದು ಮಾರ್ಗವೂ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 166ರಂತೆ, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 147, ಕಾರ್ಯನಿರ್ವಾಹಕ ದಂಡಾಧಿಕಾರಿ ವಿಚಾರಣೆ ನಡೆಸಿ ದಾರಿಗೆ ಅಡ್ಡಿ ಮಾಡಬಾರದೆಂದು ಆದೇಶಿಸಬಹುದು. ಮೂರು ತಿಂಗಳ ಲೆಕ್ಕ ಬರುವುದು ಇಲ್ಲಿಯೇ. ಗದ್ದೆ ಕೆಲಸದ ಕಾಲದಲ್ಲಿ ಮಾತ್ರ ಬಳಸುವ ದಾರಿಯಾದರೆ ಹಿಂದಿನ ಹಂಗಾಮಿನಲ್ಲಿ ಬಳಸಿರಬೇಕು.

ಆರನೆಯ ಹೆಜ್ಜೆ: ನ್ಯಾಯಾಲಯ

ಪತ್ರದ ದಾರಿ, ಪಾಲಿನ ದಾರಿ, ಬಳಕೆಯ ದಾರಿ ಇವು ಖಾಸಗಿ ಹಕ್ಕುಗಳು. ಮಾತು ಮುರಿದರೆ ಸಿವಿಲ್ ನ್ಯಾಯಾಲಯವೇ ತೀರ್ಮಾನಿಸಬೇಕು. ಹಕ್ಕು ಘೋಷಣೆ, ಶಾಶ್ವತ ಪ್ರತಿಬಂಧಕಾಜ್ಞೆ, ಗೇಟು ತೆರವಿಗೆ ಆದೇಶ, ಈ ಮೂರನ್ನೂ ಒಂದೇ ದಾವೆಯಲ್ಲಿ ಕೇಳಿ. ಜೊತೆಗೆ ಮಧ್ಯಂತರ ಆಜ್ಞೆಗೂ ಅರ್ಜಿ ಹಾಕಿ. ಸ್ಥಳ ನೋಡಿ ವರದಿ ಕೊಡಲು ಕಮಿಷನರರನ್ನು ನೇಮಿಸಬೇಕೆಂದು ಬೇಗನೇ ಕೋರಿ, ಮಳೆಗಾಲಕ್ಕೆ ಮೊದಲೇ. ಒಂದು ಎಚ್ಚರಿಕೆ: ಒಂದೇ ದಾರಿಯನ್ನು ಒಂದು ಪ್ಯಾರಾದಲ್ಲಿ ಸಾರ್ವಜನಿಕವೆಂದೂ ಇನ್ನೊಂದರಲ್ಲಿ ನಮ್ಮ ಅನುಭೋಗದ್ದೆಂದೂ ಬರೆದ ದಾವೆಗಳು ಅಲ್ಲಿಯೇ ದುರ್ಬಲವಾಗುತ್ತವೆ. ವಕೀಲರ ಜೊತೆ ಕೂತು ಎರಡನೆಯ ಹೆಜ್ಜೆಯನ್ನು ಮತ್ತೊಮ್ಮೆ ಪರಿಶೀಲಿಸಿ.

ಹಣವಿಲ್ಲವೆಂದು ಹಿಂದೆ ಸರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ.

ಹಾಡಿ ಮತ್ತು ಲೈನ್ ಮನೆಗಳವರಿಗೆ

ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ, ಏಕೆಂದರೆ ಬೀಗದ ಪೆಟ್ಟು ಮೊದಲು ಬೀಳುವುದು ಹಾಡಿಯವರಿಗೆ, ತೋಟದ ಕೆಲಸಗಾರರ ಸಾಲುಮನೆಗಳಾದ ಲೈನ್ ಮನೆಯವರಿಗೆ. ಯರವರು, ಜೇನುಕುರುಬರು, ಪಣಿಯರು ವಾಸಿಸುವ ಹಾಡಿಯಿಂದ ಹೊಳೆಗೆ, ಸ್ಮಶಾನಕ್ಕೆ, ಅಂಗನವಾಡಿಗೆ ಹೋಗುವ ದಾರಿ ತೋಟದ ನಡುವೆಯೇ ಇರುತ್ತದೆ. ಹೆಣ ಹೊತ್ತು ನಿಂತ ಜನರ ಮುಂದೆ ಗೇಟಿನ ಕೀಲಿಗಾಗಿ ಫೋನು ಮಾಡುತ್ತಾ ಕೂರುವ ಸ್ಥಿತಿ ಯಾವ ಊರಿಗೂ ಬರಬಾರದು. ಪರಿಶಿಷ್ಟ ಜಾತಿ ಅಥವಾ ಪಂಗಡದವರು ಸ್ಮಶಾನ, ಹೊಳೆ, ಬುಗ್ಗೆ, ಬಾವಿ, ರಸ್ತೆ, ದಾರಿಗಳನ್ನು ಇತರರಂತೆ ಬಳಸುವುದನ್ನು ತಡೆಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2015ರ ತಿದ್ದುಪಡಿ ಇದನ್ನು ಬಿಡಿಸಿ ಹೇಳಿದೆ. ಇಲ್ಲಿ "ಸಿವಿಲ್ ವಿಷಯ" ಎಂಬ ಉತ್ತರಕ್ಕೆ ತಲೆಯಾಡಿಸಿ ವಾಪಸು ಬರಬೇಡಿ. ದೂರನ್ನು ಬರೆದೇ ಕೊಡಿ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೂ ಸಮಾಜ ಕಲ್ಯಾಣ ಇಲಾಖೆಗೂ ಕಳುಹಿಸಿ.

ತೋಟದ ಮಾಲೀಕರಿಗೆ

ಜಮೀನು ಕೊಳ್ಳುವ ಮೊದಲು ಗ್ರಾಮ ನಕ್ಷೆ ನೋಡಿ, ತೋಟದ ಸುತ್ತ ಒಮ್ಮೆ ಬೆಳಗಿನ ಹೊತ್ತು ನಡೆದು ನೋಡಿ. ಶಾಲೆಯ ಮಕ್ಕಳು ಎಲ್ಲಿ ಹಾಯುತ್ತಾರೆ ಎಂಬುದು ಯಾವ ಕ್ರಯಪತ್ರಕ್ಕಿಂತ ಮೊದಲು ಕಾಣುತ್ತದೆ. ಸ್ನೇಹಕ್ಕೆ ದಾರಿ ಬಿಡುವುದಾದರೆ ಅದು ಒಪ್ಪಿಗೆಯ ಮೇಲೆ ಬಿಟ್ಟದ್ದು ಎಂದು ಇಬ್ಬರೂ ಸಹಿ ಹಾಕಿದ ಒಂದು ಚೀಟಿ ಇಟ್ಟುಕೊಳ್ಳಿ. ಹಕ್ಕು ಹುಟ್ಟೀತೆಂಬ ಭಯಕ್ಕೆ ಬೀಗ ಹಾಕುವ ಅಗತ್ಯ ಆಗ ಇರುವುದಿಲ್ಲ. ಅಬ್ಬಿ ಜಲಪಾತಕ್ಕೆ ಹೋಗುವ ಹಾಗೆ ಕಾಫಿ ತೋಟಗಳ ನಡುವೆ ನಡೆದು ನೋಡುವ ಜಾಗಗಳು ಜಿಲ್ಲೆಯಲ್ಲಿ ಹಲವಿವೆ. ಪ್ರವಾಸಿಗರು ವರ್ಷಗಟ್ಟಲೆ ಓಡಾಡಿದ ಮಾತ್ರಕ್ಕೆ ಅವರಿಗೆ ಅನುಭೋಗ ಹಕ್ಕು ಬರುವುದಿಲ್ಲ. ಆ ಹಕ್ಕು ಒಂದು ಜಮೀನಿಗೆ ಸೇರಿದ್ದು, ದಾರಿಹೋಕರಿಗೆ ಸೇರಿದ್ದಲ್ಲ. ಪ್ರವಾಸಿಗರ ಕಾಟಕ್ಕೆ ಹಾಕಿದ ಗೇಟಿನಲ್ಲಿ ಊರವರಿಗೆ ಒಂದು ಕೀಲಿ ಇರಲಿ.

ದಾರಿ ತೆರೆದ ಮೇಲೆ

ನೋಂದಣಿ ಪತ್ರವಾಗಲಿ ನ್ಯಾಯಾಲಯದ ಡಿಕ್ರಿಯಾಗಲಿ ಕೈಗೆ ಬಂದೊಡನೆ, ಪಹಣಿಯ ಹನ್ನೊಂದನೆಯ ಕಾಲಂನಲ್ಲಿ ನಮೂದಿಸಲು ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ. ಮುಂದೆ ತೋಟ ಕೊಳ್ಳುವವರು ಪಹಣಿಯನ್ನಂತೂ ಓದಿಯೇ ಓದುತ್ತಾರೆ. ದಾರಿಯನ್ನು ಸುಸ್ಥಿತಿಯಲ್ಲಿಡುವ ಖರ್ಚು ಬಳಸುವವರದು. ಮುಂಗಾರಿಗೆ ಮೊದಲು ಕಾಡು ಸವರಿ, ನೀರು ಹರಿಯಲು ಪಕ್ಕದಲ್ಲಿ ಚರಂಡಿ ಬಿಡಿಸಿ, ಮಾಲೀಕರಿಗೆ ಹೇಳಿಯೇ ಮಾಡಿ. ಮಕ್ಕಳು ಬೆಂಗಳೂರು ಸೇರಿ ಮನೆ ಮುಚ್ಚಿದ್ದರೂ ದಾರಿಯನ್ನು ಪೂರ್ತಿ ಬಿಟ್ಟುಬಿಡಬೇಡಿ. 20 ವರ್ಷ ಒಂದೇ ಸಮನೆ ಬಳಸದಿದ್ದರೆ ಅನುಭೋಗ ಹಕ್ಕು ಅಳಿಯುತ್ತದೆ. ಹುತ್ತರಿಗೆ, ಕೈಲ್‌ಪೊಳ್ದ್‌ಗೆ ಊರಿಗೆ ಬಂದಾಗ ಕಾರನ್ನು ರಸ್ತೆಯಲ್ಲಿ ನಿಲ್ಲಿಸಿ ಮಕ್ಕಳನ್ನು ಕರೆದುಕೊಂಡು ಅದೇ ದಾರಿಯಲ್ಲಿ ಇಳಿಯಿರಿ, ಕಿರುಬಾಗಿಲು ದಾಟಿದ ಮೇಲೆ ಅದನ್ನು ಹಾಕಿ ಮುಂದೆ ಹೋಗಿ.